ಶಿಶು ಮರಣ ದರದ ಇಳಿಕೆ ಮತ್ತು ಗಡಿ ದಾಟುವ ಮೊದಲ ವಾರ: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ

(ಅಂತರ್ಜಾಲ ವಿಚಾರಸಂಕಿರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

ಗಡಿಭಾಗದ ಕನ್ನಡ ಶಾಲೆಗಳ ಶಿಕ್ಷಕರು, ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು, ಸಂಶೋಧನಾ ವಿದ್ಯಾರ್ಥಿಗಳು, ಹೀಗೆ ಬೇರೆ ಬೇರೆ ಕಡೆಯಿಂದ ಸೇರಿದ್ದೀರಿ. ಆದ್ದರಿಂದ ಪರಿಭಾಷೆ ಎಲ್ಲರಿಗೂ ಗೊತ್ತಿದೆ ಅಂತ ಹಿಡಿಯದೆ ಬುಡದಿಂದಲೇ ಶುರು ಮಾಡ್ತೀನಿ. ಮೊದಲು ದೇಶದ ಚಿತ್ರ, ಆಮೇಲೆ ನಮ್ಮ ಮೂರು ಊರುಗಳು.

1. ದರ ಅಂದರೆ ಏನು?

ಒಂದು ವರ್ಷದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ 1000 ಕೂಸುಗಳಿಗೆ, ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡ ಕೂಸುಗಳು ಎಷ್ಟು ಅನ್ನುವುದೇ ಶಿಶು ಮರಣ ದರ. ಇದರಲ್ಲಿ ಎರಡು ಭಾಗ ಇವೆ. ಹುಟ್ಟಿದ ಮೊದಲ 28 ದಿನಗಳೊಳಗಿನ ಸಾವು ನವಜಾತ ಶಿಶು ಮರಣ. ಅಲ್ಲಿಂದ ವರ್ಷ ತುಂಬುವವರೆಗಿನದು ಎರಡನೇ ಭಾಗ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು, ಯಾಕಂದರೆ ಎರಡರ ಕಾರಣಗಳು ಬೇರೆ, ಔಷಧವೂ ಬೇರೆ.

ಈ ಭಾಗಾಕಾರದಲ್ಲಿ ಮೇಲೆ ಸಾವುಗಳಿವೆ, ಕೆಳಗೆ ಜನನಗಳಿವೆ. ಎರಡೂ ಒಂದೇ ಊರಿನವಾಗಿರಬೇಕು. ಇಷ್ಟು ನೆನಪಿಟ್ಟುಕೊಳ್ರಿ, ಗಡಹಿಂಗ್ಲಜಕ್ಕೆ ಬಂದಾಗ ಬೇಕಾಗ್ತದೆ.

2. ದೇಶದ ಇಳಿಜಾರು

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಇಂಡಿಯಾದ ದಾಖಲೆಗಳ ಪ್ರಕಾರ ಸಾವಿರಕ್ಕೆ ಸುಮಾರು 200 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅಂದರೆ ಐದಕ್ಕೆ ಒಂದು. ಹಳೆಯ ಮನೆಗಳಲ್ಲಿ ಅಜ್ಜಿಯಂದಿರು 'ಎಂಟು ಹಡೆದೆ, ನಾಲ್ಕು ಉಳಿದವು' ಅಂತ ಹೇಳುತ್ತಿದ್ದರಲ್ಲ, ಈ ಅಂಕಿ ಅದೇ ಮಾತು.

ನಂಬಬಹುದಾದ ನಿರಂತರ ಲೆಕ್ಕ ಸಿಗುವುದು ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್ ಬಂದ ಮೇಲೆ. ಅದರ ಪ್ರಕಾರ ಭಾರತದ ದರ 1971ರಲ್ಲಿ 129. 1991ರಲ್ಲಿ 80. 2011ರಲ್ಲಿ 44. 2020ರಲ್ಲಿ 28. 2023ರಲ್ಲಿ 25. ಐವತ್ತು ವರ್ಷಗಳಲ್ಲಿ ಐದನೇ ಒಂದು ಭಾಗಕ್ಕೆ ಇಳಿದಿದೆ. ಇದು ಸಣ್ಣ ಸಾಧನೆಯಲ್ಲ.

ಈಗ ಗಡಿಯ ಎರಡು ಬದಿ ನೋಡೋಣ. 1971ರಲ್ಲಿ ಕರ್ನಾಟಕ 95, ಮಹಾರಾಷ್ಟ್ರ 105. ನಾವು ಮುಂದಿದ್ದೆವು. 1991ಕ್ಕೆ ತಿರುವುಮುರುವು: ಕರ್ನಾಟಕ 77, ಮಹಾರಾಷ್ಟ್ರ 60. 2011ರಲ್ಲಿ 35 ಮತ್ತು 25. 2020ರಲ್ಲಿ 19 ಮತ್ತು 16. ಅಂತರ ಮತ್ತೆ ಕಿರಿದಾಗಿದೆ. ಅದೇ 2020ರಲ್ಲಿ ಕೇರಳ 6, ಮಧ್ಯಪ್ರದೇಶ 43. ಒಂದೇ ದೇಶದೊಳಗೆ ಏಳು ಪಟ್ಟು ವ್ಯತ್ಯಾಸ.

ಸರಾಸರಿ ಇಳಿಯಿತು ಸರಿ, ಯಾವ ಭಾಗ ಇಳಿಯಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತು ನಡೆದದ್ದು 1992-93ರಲ್ಲಿ. ಆಗ ಶಿಶು ಮರಣ 78.5, ಅದರಲ್ಲಿ ಮೊದಲ ತಿಂಗಳಿನದು 48.6. ಐದನೇ ಸುತ್ತು 2019-21. ಆಗ ಒಟ್ಟು 35.2, ಮೊದಲ ತಿಂಗಳಿನದು 24.9. ಕಳೆದು ನೋಡಿದರೆ, ಒಂದು ತಿಂಗಳು ದಾಟಿದ ಮೇಲಿನ ಸಾವು ಸುಮಾರು 30ರಿಂದ 10ಕ್ಕೆ ಬಂದಿದೆ, ಮೂರರಲ್ಲಿ ಎರಡು ಪಾಲು ಕಡಿಮೆ. ಮೊದಲ ತಿಂಗಳಿನ ಸಾವು ಅರ್ಧದಷ್ಟು ಮಾತ್ರ ಇಳಿದಿದೆ. ಈಗ ಸಾಯುವ ಹತ್ತು ಶಿಶುಗಳಲ್ಲಿ ಏಳು ಮೊದಲ ತಿಂಗಳಲ್ಲೇ ಹೋಗ್ತಾವೆ.

3. ಇಚಲಕರಂಜಿ: ನೀರಿನ ಕಥೆ

ತಿಂಗಳು ದಾಟಿದ ಕೂಸನ್ನು ಕೊಲ್ಲುತ್ತಿದ್ದದ್ದು ಮುಖ್ಯವಾಗಿ ವಾಂತಿಭೇದಿ, ನ್ಯುಮೋನಿಯಾ, ದಡಾರ. ಇವು ಇಳಿದದ್ದಕ್ಕೆ ಕಾರಣಗಳನ್ನು ಬೆರಳು ಮಡಿಸಿ ಎಣಿಸಬಹುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಸಕ್ಕರೆ ನೀರನ್ನು ಬಾಯಿಂದಲೇ ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿ ತೋರಿಸಿದರು. ಇವತ್ತು ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಕೆಲಸವಿದೆ. 1975ರಲ್ಲಿ ಅಂಗನವಾಡಿ ಯೋಜನೆ, 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ, 2016ರಿಂದ ಅದರಲ್ಲೇ ರೋಟಾವೈರಸ್ ಲಸಿಕೆ. ಇವುಗಳ ಜೊತೆಗೆ ಓದು ಬಂದ ತಾಯಂದಿರು, ಹೆರಿಗೆಗಳ ನಡುವೆ ಹೆಚ್ಚಿದ ಅಂತರ.

ಇಚಲಕರಂಜಿಯಲ್ಲಿ ಈ ಗೆಲುವು ಎಷ್ಟು ನಾಜೂಕು ಅಂತ ಕಾಣ್ತದೆ. ಇದು ಪವರ್‌ಲೂಮ್ ಊರು. ಮಗ್ಗಗಳು ಹನ್ನೆರಡು ತಾಸಿನ ಪಾಳಿಯಲ್ಲಿ ಓಡ್ತಾವೆ. ಕನ್ನಡ ಮಾತಾಡುವ ನೇಕಾರ ಮನೆತನಗಳು ಇಲ್ಲಿ ಹಳೆಯವು, ಹೊಸದಾಗಿ ಬಂದವರು ಉತ್ತರ ಭಾರತದ ಕಾರ್ಮಿಕರು. ಕುಡಿಯುವ ನೀರಿಗೆ ಪಂಚಗಂಗಾ, ಕೃಷ್ಣಾ. 2012ರ ಬೇಸಿಗೆಯಲ್ಲಿ ಊರಿನಲ್ಲಿ ಕಾಮಣಿ ಹರಡಿ ಜನ ಸತ್ತರು. ಕಲುಷಿತ ನೀರಿನಿಂದ ಹೀಗೆ ಊರಿಗೂರೇ ಹಬ್ಬುವ ಕಾಮಣಿಯ ಹಿಂದೆ ಸಾಮಾನ್ಯವಾಗಿ ಹೆಪಟೈಟಿಸ್ ಇ ವೈರಾಣು ಇರ್ತದೆ. ಬೇರೆಯವರಿಗೆ ಬಹುತೇಕ ತಾನಾಗಿಯೇ ವಾಸಿಯಾಗುವ ಈ ರೋಗ ದಿನ ತುಂಬುತ್ತಿರುವ ಬಸುರಿಗೆ ಪ್ರಾಣಾಪಾಯ. ತಾಯಿ ಉಳಿದರೂ ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು. ನಳದ ನೀರಿನ ಪ್ರಶ್ನೆ ಹೆರಿಗೆ ವಾರ್ಡಿನ ಪ್ರಶ್ನೆಯಾಗುವುದು ಹೀಗೆ.

ಇನ್ನೊಂದು ಮಾತು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು. ಆದರೆ ಮನೆಯಲ್ಲೇ ಕಂಡಿಕೆ ಸುತ್ತಿ ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲೂ ಇಲ್ಲ. ಆಕೆಗೆ ಆ ರಜೆ ಕೊಡುವವರು ಯಾರು? ಆರು ತಿಂಗಳು ಎದೆಹಾಲು ಮಾತ್ರ ಕೊಡ್ರಿ ಅಂತ ಗೋಡೆ ಮೇಲೆ ಬರೆದರೆ ಸಾಲದು, ಆಕೆ ಕೂತು ಹಾಲೂಡಿಸುವ ಹೊತ್ತಿಗೆ ಕೂಲಿ ಯಾರದ್ದು ಅಂತಲೂ ಕೇಳಬೇಕು.

4. ಕೊಲ್ಹಾಪುರ: ಆಸ್ಪತ್ರೆ ಹತ್ತಿರವಾಯಿತು, ಮೊದಲ ವಾರ ಉಳಿಯಿತು

2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ. 38.7ರಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ಕ್ಕೆ ಶೇ. 88.6. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 108 ವಾಹನ, ಎಲ್ಲ ಸೇರಿ ಆದ ಬದಲಾವಣೆ ಇದು. ಕೊಲ್ಹಾಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಹೊಂದಿದ ಛತ್ರಪತಿ ಪ್ರಮಿಲಾರಾಜೆ ಆಸ್ಪತ್ರೆ, ಜನರ ಬಾಯಲ್ಲಿ ಸಿಪಿಆರ್, ಸುತ್ತಲಿನ ತಾಲೂಕುಗಳಿಗೆಲ್ಲ ಕೊನೆಯ ಆಸರೆ.

ಆದರೆ ಹೆರಿಗೆ ಆಸ್ಪತ್ರೆಯಲ್ಲಿ ಆದ ಮಾತ್ರಕ್ಕೆ ಕೂಸು ಉಳಿಯಿತು ಅಂತಲ್ಲ. 2020ರ ಎಸ್‌ಆರ್‌ಎಸ್ ಪ್ರಕಾರ ಸಾವಿರಕ್ಕೆ 28 ಶಿಶು ಮರಣಗಳಲ್ಲಿ 20 ಮೊದಲ ತಿಂಗಳಿನವು, ಅವುಗಳಲ್ಲಿ 15 ಮೊದಲ ವಾರದವು. ನಮ್ಮ ಕಡೆ ಐದನೆಯದೋ ಆರನೆಯದೋ ರಾತ್ರಿ ಸಟವಿ ಬಂದು ಕೂಸಿನ ಹಣೆಬರಹ ಬರೀತಾಳೆ ಅಂತಾರೆ, ಮರಾಠಿಯವರು ಸಟವಾಯಿ ಅಂತಾರೆ. ಮನೆಮಂದಿ ಎಚ್ಚರ ಇರ್ತಾರೆ. ಮೊದಲ ವಾರ ದಾಟಿದರೆ ಕೂಸು ನಮ್ಮದು ಅನ್ನುವ ತಿಳಿವಳಿಕೆ ಅಂಕಿಸಂಖ್ಯೆ ಬರುವ ಮೊದಲೇ ಇತ್ತು.

ಮೊದಲ ವಾರದ ಸಾವಿಗೆ ಮುಖ್ಯ ಕಾರಣ ಮೂರು: ಅವಧಿಗೆ ಮೊದಲೇ ಹುಟ್ಟುವುದು ಮತ್ತು ಕಡಿಮೆ ತೂಕ, ಹುಟ್ಟುವಾಗ ಉಸಿರುಗಟ್ಟುವುದು, ಸೋಂಕು. ಇದಕ್ಕೆ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಯಲ್ಲೇ ನವಜಾತ ಶಿಶುವಿನ ಆರೈಕೆ ಮಾಡಿಸಿದರು. ನವಜಾತ ಶಿಶು ಮರಣ ಶೇ. 62ರಷ್ಟು ಇಳಿಯಿತು ಅಂತ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಿಂದ ಆಶಾ ಕಾರ್ಯಕರ್ತೆಯರು ಬಾಣಂತಿ ಮನೆಗೆ 3, 7, 14, 21, 28, 42ನೇ ದಿನ ಹೋಗುವ ಪದ್ಧತಿ ಬಂದದ್ದು ಇಂಥ ಅನುಭವದಿಂದ. ಹಾಗೆಯೇ ಕಡಿಮೆ ತೂಕದ ಕೂಸನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಡುವ ಕಾಂಗರೂ ಆರೈಕೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಇದರಿಂದ ಸಾವು ಕಾಲು ಭಾಗ ಕಡಿಮೆಯಾಯಿತು.

ಕೊಲ್ಹಾಪುರದ ಮಾತು ಬಂದಾಗ ಹೆಣ್ಣುಕೂಸಿನ ಲೆಕ್ಕ ಬಿಡುವಂತಿಲ್ಲ. ಪ್ರಕೃತಿ ನಿಯಮದಂತೆ ಗಂಡುಕೂಸುಗಳ ಸಾವು ತುಸು ಹೆಚ್ಚಿರಬೇಕು. ಭಾರತದಲ್ಲಿ 2018ರಲ್ಲಿ ಗಂಡು 32, ಹೆಣ್ಣು 33. 2020ರಲ್ಲಿ ಎರಡೂ 28. ಸಮ ಆಯಿತಲ್ಲ ಅಂತ ಸಮಾಧಾನ ಪಡುವ ಮೊದಲು ಇನ್ನೊಂದು ಅಂಕಿ ನೋಡ್ರಿ: 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ 839 ಹೆಣ್ಣುಮಕ್ಕಳು. ಹುಟ್ಟಲೇ ಬಿಡದ ಕೂಸು ಶಿಶು ಮರಣದ ಲೆಕ್ಕದಲ್ಲಿ ಬರುವುದಿಲ್ಲ. ದರ ಸುಧಾರಿಸಿದ ಜಿಲ್ಲೆಯೇ ಹೆಣ್ಣುಮಕ್ಕಳನ್ನು ಕಳೆದುಕೊಂಡಿರಬಹುದು.

5. ಗಡಹಿಂಗ್ಲಜ: ತವರಿಗೆ ಹೋದ ಲೆಕ್ಕ

ಈಗ ನನ್ನ ಮುಖ್ಯ ಮಾತು. ಗಡಹಿಂಗ್ಲಜದಿಂದ ಸಂಕೇಶ್ವರ ಸುಮಾರು 15 ಕಿಲೋಮೀಟರ್. ನಡುವೆ ರಾಜ್ಯದ ಗಡಿ. 1956ರಲ್ಲಿ ರಾಜ್ಯಗಳು ಬೇರೆಯಾದವು, ಬೀಗತನ ಬೇರೆಯಾಗಲಿಲ್ಲ. ಹುಕ್ಕೇರಿ, ಚಿಕ್ಕೋಡಿ ಕಡೆಯ ಹೆಣ್ಣುಮಕ್ಕಳು ಇಲ್ಲಿಗೆ ಸೊಸೆಯಾಗಿ ಬರ್ತಾರೆ, ಇಲ್ಲಿನವರು ಅಲ್ಲಿಗೆ ಹೋಗ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ, ಇದು ಎರಡೂ ಕಡೆಯ ಪದ್ಧತಿ. ಏಳು ಅಥವಾ ಒಂಬತ್ತನೇ ತಿಂಗಳಲ್ಲಿ ಸೊಸೆ ತವರಿಗೆ ಹೋಗ್ತಾಳೆ, ಕೂಸಿನ ಸಮೇತ ತಿಂಗಳುಗಟ್ಟಲೆ ಆದ ಮೇಲೆ ಮರಳ್ತಾಳೆ. ಕೂಸಿಗೆ ಅತಿ ಅಪಾಯದ ವಾರ ಆಕೆ ರಾಜ್ಯ ಬದಲಿಸಿದ ವಾರವೇ ಆಗಿರ್ತದೆ.

ಇದರಿಂದ ಎರಡು ತೊಡಕು. ಮೊದಲನೆಯದು ಆರೈಕೆಯದು. ಗಂಡನ ಊರಿನ ಆಶಾ ತನ್ನ ವಹಿಯಲ್ಲಿ 'ತವರಿಗೆ ಹೋಗಿದ್ದಾರೆ' ಅಂತ ಬರೀತಾಳೆ. ತವರೂರಿನ ಆಶಾಳ ಪಟ್ಟಿಯಲ್ಲಿ ಈ ಬಸುರಿಯ ಹೆಸರು ಮೊದಲಿನಿಂದ ಇಲ್ಲ. ಕೈಯಲ್ಲಿರುವ ತಾಯಿ-ಮಗುವಿನ ಕಾರ್ಡು ಮರಾಠಿಯಲ್ಲಿ, ಅಲ್ಲಿಯದು ಕನ್ನಡದ ತಾಯಿ ಕಾರ್ಡು. ರಕ್ತಹೀನತೆ, ರಕ್ತದೊತ್ತಡ, ಹಿಂದಿನ ಗರ್ಭಪಾತ, ಇವೆಲ್ಲ ಹೆರಿಗೆ ಮಾಡಿಸುವವರಿಗೆ ಮೊದಲೇ ಗೊತ್ತಿರಬೇಕಾದ ಸಂಗತಿಗಳು. ಕಾರ್ಡು ಓದಲು ಬಾರದಿದ್ದರೆ ಅಥವಾ ಮನೆಯಲ್ಲೇ ಉಳಿದಿದ್ದರೆ ಎಲ್ಲ ಮೊದಲಿನಿಂದ ಕೇಳಬೇಕು, ನೋವು ಶುರುವಾದ ಮೇಲೆ.

ಎರಡನೆಯದು ಲೆಕ್ಕದ್ದು. 1969ರ ಜನನ-ಮರಣ ನೋಂದಣಿ ಕಾಯ್ದೆಯಂತೆ ಘಟನೆ ನಡೆದ ಸ್ಥಳದಲ್ಲಿ ನೋಂದಣಿ. ಎಸ್‌ಆರ್‌ಎಸ್ ಮಾತ್ರ ವಾಸದ ಊರಿನ ಪ್ರಕಾರ ಎಣಿಸ್ತದೆ, ಆದರೆ ಅದು ರಾಜ್ಯಮಟ್ಟದ ಮಾದರಿ, ತಾಲೂಕಿನ ದರ ಕೊಡುವುದಿಲ್ಲ.

ಒಂದು ಕಲ್ಪಿತ ಉದಾಹರಣೆ ತಗೊಳ್ಳೋಣ. ಒಂದು ತಾಲೂಕಿನ ನಿವಾಸಿಗಳಿಗೆ ವರ್ಷಕ್ಕೆ 3000 ಕೂಸು ಹುಟ್ಟಿ 48 ತೀರಿಕೊಂಡವು ಅಂದರೆ ದರ 16. ಇದರಲ್ಲಿ 300 ಹೆರಿಗೆ ಮತ್ತು 12 ಸಾವು ಗಡಿಯಾಚೆ ನೋಂದಾಯಿತವಾದವು ಅಂತಿಟ್ಟುಕೊಳ್ರಿ. ಉಳಿದದ್ದು 2700 ಜನನ, 36 ಸಾವು. ದರ 13.3. ಒಂದೂ ಕೂಸನ್ನು ಉಳಿಸದೆ ತಾಲೂಕು 'ಪ್ರಗತಿ' ಸಾಧಿಸಿತು. ಆಚೆ ಬದಿಯ ದೊಡ್ಡಾಸ್ಪತ್ರೆಯ ಊರಿಗೆ ಸುಮ್ಮನೆ ಕೆಟ್ಟ ಹೆಸರು. ಇನ್ನು ನಾಲ್ಕು ಉಸಿರು ಆಡಿ ಹೋದ ಕೂಸನ್ನು 'ಹೊಟ್ಟೆಯಲ್ಲೇ ಹೋಗಿತ್ತು' ಅಂತ ಬರೆದರೆ ಅದು ಎರಡು ರಾಜ್ಯಗಳ ಶಿಶು ಮರಣದಲ್ಲೂ ಸೇರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಗುಡಿಸಲಿನಲ್ಲಿ ಹಡೆಯುವ ಕೂಲಿ ಹೆಂಗಸರ ಕೂಸುಗಳ ಪಾಡೂ ಇದೇ.

ನನ್ನ ಸಲಹೆ ದೊಡ್ಡವಲ್ಲ. ಗಡಿ ತಾಲೂಕುಗಳಲ್ಲಿ ತಾಯಿ ಕಾರ್ಡು ಕನ್ನಡ-ಮರಾಠಿ ಎರಡರಲ್ಲೂ ಇರಲಿ. ಬಸುರಿ ತವರಿಗೆ ಹೊರಟಾಗ ಈ ಆಶಾ ಆ ಆಶಾಗೆ ಫೋನ್ ಮಾಡಿ ತಿಳಿಸುವುದು ಕರ್ತವ್ಯದ ಭಾಗವಾಗಲಿ, ಅದಕ್ಕೆ ಗೌರವಧನವೂ ಇರಲಿ. 2014ರ ಮಾರ್ಗಸೂಚಿಯಂತೆ ನಡೆಯುವ ಶಿಶು ಮರಣ ಪರಿಶೀಲನೆಯಲ್ಲಿ ತಾಯಿಯ ವಾಸದ ತಾಲೂಕಿಗೂ ವರದಿ ಹೋಗಲಿ. 2023ರ ತಿದ್ದುಪಡಿಯಿಂದ ರಾಷ್ಟ್ರಮಟ್ಟದ ಜನನ-ಮರಣ ದತ್ತಾಂಶ ಕೋಶಕ್ಕೆ ಅವಕಾಶ ಆಗಿದೆ, ಆದ್ದರಿಂದ ಇದು ಆಗದ ಕೆಲಸವಲ್ಲ.

ಪ್ರಶ್ನೋತ್ತರ

ಪ್ರಶ್ನೆ: ಸರ್, ಕುಟುಂಬ ಆರೋಗ್ಯ ಸಮೀಕ್ಷೆ 35 ಅಂತದೆ, ಎಸ್‌ಆರ್‌ಎಸ್ 28 ಅಂತದೆ. ಯಾವುದು ನಿಜ?

ಉತ್ತರ: ಸಮೀಕ್ಷೆ ತಾಯಂದಿರನ್ನು ಕೇಳಿ ಹಿಂದಿನ ಐದು ವರ್ಷಗಳ ಸರಾಸರಿ ಹೇಳ್ತದೆ. ಎಸ್‌ಆರ್‌ಎಸ್ ಒಂದೊಂದು ವರ್ಷದ ಲೆಕ್ಕ. ದರ ಇಳಿಯುತ್ತಿರುವಾಗ ಹಿಂದಿನ ಸರಾಸರಿ ಹೆಚ್ಚೇ ಇರ್ತದೆ. ಎಣಿಸುವ ವಿಧಾನವೂ ಬೇರೆ. ಎರಡರ ಅಂಕಿಗಳನ್ನು ಬೆರೆಸಿ ಒಂದೇ ಗೆರೆ ಎಳೆಯಬೇಡ್ರಿ, ಅಷ್ಟೇ.

ಪ್ರಶ್ನೆ: ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ನಾಲ್ಕು ಸಾವು, ಮರುವರ್ಷ ಒಂಬತ್ತು. ಮೇಲಿನವರು ನೋಟಿಸ್ ಕೊಡ್ತಾರೆ.

ಉತ್ತರ: ವರ್ಷಕ್ಕೆ 400 ಹೆರಿಗೆ ಇರುವಲ್ಲಿ ದರ 16 ಅಂದರೆ ಆರು-ಏಳು ಸಾವು. ಅದು ನಾಲ್ಕು ಆಗಬಹುದು, ಒಂಬತ್ತೂ ಆಗಬಹುದು, ಕೇವಲ ಆಕಸ್ಮಿಕವಾಗಿ. ಸಣ್ಣ ಸಂಖ್ಯೆಗೆ ದರ ಕಟ್ಟಿ ನೋಟಿಸ್ ಕೊಟ್ಟರೆ ಮುಂದಿನ ವರ್ಷ ಸಾವು ಕಡಿಮೆ ಆಗುವುದಿಲ್ಲ, ಬರೆಯುವುದು ಕಡಿಮೆ ಆಗ್ತದೆ. ಒಂಬತ್ತನ್ನೂ ಒಂದೊಂದಾಗಿ ಕೂತು ಪರಿಶೀಲಿಸಿದರೆ ಉಪಯೋಗ.

ಪ್ರಶ್ನೆ: ಹಾಗಾದರೆ ಹೆಣ್ಣುಮಕ್ಕಳನ್ನು ತವರಿಗೆ ಕಳಿಸೋದೇ ಬಿಡಬೇಕಾ?

ಉತ್ತರ: ಖಂಡಿತ ಬೇಡ. ಬಾಣಂತಿಗೆ ವಿಶ್ರಾಂತಿ, ಹೊತ್ತಿಗೆ ಊಟ, ಕೂಸಿನ ಜೊತೆ ಕೂರುವ ಬಿಡುವು ಸಿಗುವ ಜಾಗ ತವರೇ. ಆಕೆ ಹೋಗಲಿ. ಆಕೆಯ ಜೊತೆಗೆ ಕಾರ್ಡು ಹೋಗಲಿ, ಆಶಾಳ ಫೋನ್ ನಂಬರ್ ಹೋಗಲಿ. ಮೂರನೇ ದಿನ ಆ ಮನೆಯ ಬಾಗಿಲು ತಟ್ಟಿ ಕೂಸಿನ ತೂಕ ನೋಡುವವರು ಒಬ್ಬರು ಇದ್ದಾರೆ ಅಂತ ಹೊರಡುವ ಮೊದಲೇ ಖಾತ್ರಿ ಮಾಡಿಕೊಳ್ರಿ.