ಕೆಂಪು ಹಲ್ಲಿನ ಆ ನೀಲಿ ಮೀನು ಯಾವುದು?

ಪ್ರಶ್ನೆ: ಕಾರವಾರದ ದಡದಲ್ಲಿ ಕಂಡ ಕಡುನೀಲಿ ಮೀನಿನ ಚರ್ಮ ತೊಗಲಿನಂತೆ ಗಟ್ಟಿ, ಹಲ್ಲು ಕೆಂಪು. ಅದು ಶಾರ್ಕ್ ಮರಿಯೇ? (ಓದುಗರು, ರಾಣೆಬೆನ್ನೂರು)

ಉತ್ತರ: ಅಲ್ಲ, ಅದು ಅಪ್ಪಟ ಮೂಳೆಮೀನು. ನಮ್ಮ ಕರಾವಳಿಯ ಮೀನುಗಾರರು ‘ಕಾರ್ಗಿಲ್’ ಎನ್ನುವ ಕೆಂಪು ಹಲ್ಲಿನ ಟ್ರಿಗರ್ ಮೀನು, ಶಾಸ್ತ್ರೀಯವಾಗಿ ಓಡೋನಸ್ ನೈಜರ್. ಕಡುನೀಲಿ ಮೈಯ ಮೀನು ಬೇರೆಯೂ ಇರಬಹುದು. ಆದರೆ ಅದರ ಜೊತೆಗೇ ಕೆಂಪು ಹಲ್ಲೂ ಇದ್ದರೆ ಸಂಶಯಕ್ಕೆ ಎಡೆ ಕಡಿಮೆ. ಬಾಲದ ಎರಡೂ ತುದಿ ಉದ್ದವಾಗಿ ಚಾಚಿ ಅರ್ಧಚಂದ್ರದಂತಿದ್ದರೆ ಗುರುತು ಖಚಿತ. ತುಂಗಭದ್ರೆಯ ಮೀನುಗಳ ಸಡಿಲ ಹುರುಪೆ ಕಂಡ ಕಣ್ಣಿಗೆ ಈ ಒರಟು ಮೈ ಶಾರ್ಕಿನದೆನಿಸುವುದು ಸಹಜವೇ. ಆದರೆ ಅದೂ ಹುರುಪೆಯೇ, ದಪ್ಪಗೆ ಒತ್ತಾಗಿ ಜೋಡಿಸಿದ ಕವಚದಂತೆ. ಶಾರ್ಕಿನ ಕತ್ತಿನ ಪಕ್ಕ ಕಿವಿರಿನ ಸೀಳು ಐದಾದರೂ ಇರುತ್ತವೆ. ಇದಕ್ಕೆ ಪಕ್ಕಕ್ಕೊಂದೇ ಸಣ್ಣ ಸೀಳು.

ಇದು ಬಂಡೆಗಳ ಆಸರೆಯಲ್ಲಿ ಬಾಳುವ ಮೀನು. ಹಾಗಿದ್ದರೆ ಬಲೆಗೆ ರಾಶಿರಾಶಿ ಬೀಳುವುದೇಕೆ ಎಂದು ಕೇಳಬಹುದು. ಇದು ಅಡಗುವುದು ಬಂಡೆಯ ಸಂದಿಯಲ್ಲಿ, ಮೇಯುವುದು ಮೇಲಿನ ನೀರಿನ ಪ್ಲವಕಗಳನ್ನು, ಅದೂ ಹಿಂಡಾಗಿ. ಸಂದಿ ಹೊಕ್ಕಾಗ ಬೆನ್ನಿನ ಮೊದಲ ಮುಳ್ಳನ್ನು ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತದೆ. ಆ ಮುಳ್ಳನ್ನು ಒತ್ತಿದರೆ ಮಡಚದು. ಹಿಂದಿನ ಎರಡನೆಯ ಚಿಕ್ಕ ಮುಳ್ಳನ್ನು ಒತ್ತಿದರೆ ಬಂದೂಕಿನ ಕುದುರೆ ಎಳೆದಂತೆ ಬೀಗ ಬಿಡುತ್ತದೆ. ಟ್ರಿಗರ್ ಎಂಬ ಹೆಸರು ಬಂದದ್ದು ಇದರಿಂದಲೇ.