ಕಂತಿನಲ್ಲಿ ಮನೆ ಖರೀದಿ: ಹಣ ಕಟ್ಟಿದ ಮಾತ್ರಕ್ಕೆ ಒಡೆತನ ಬಾರದು

ಭದ್ರಾವತಿ: ಬ್ಯಾಂಕ್ ಸಾಲವಿಲ್ಲದೆ, ಮಾಲೀಕರಿಗೇ ಕಂತುಗಳಲ್ಲಿ ಹಣ ಪಾವತಿಸಿ ಮನೆ ಕೊಳ್ಳುವ ವ್ಯವಹಾರ ಜನ್ನಾಪುರದಂತಹ ಬಡಾವಣೆಗಳಲ್ಲಿ ಅನುಕೂಲಕರವಾಗಿ ಕಾಣುವುದು ಸಹಜ. ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು ಸೈಲ್ 2023ರ ಜನವರಿಯಲ್ಲಿ ಕೈಗೊಂಡಿತ್ತು. ಕಾಯಂ ವೇತನದ ಚೀಟಿ ಇಲ್ಲದ ಗುತ್ತಿಗೆ ಕಾರ್ಮಿಕರಿಗೂ ಸಣ್ಣ ವ್ಯಾಪಾರಿಗಳಿಗೂ ಗೃಹಸಾಲ ಸುಲಭವಾಗಿ ದೊರೆಯದು. ಆದರೆ ಇಂತಹ ವ್ಯವಹಾರದಲ್ಲಿ ಕಂತು ತಪ್ಪಿದಾಗ ಏಳುವ ತಕರಾರು ಜೀವಮಾನದ ಉಳಿತಾಯವನ್ನೇ ನುಂಗಬಲ್ಲದು.

ಕರಾರು ಬೇರೆ, ಕ್ರಯಪತ್ರ ಬೇರೆ

ಉದಾಹರಣೆಗೆ, 20 ಲಕ್ಷ ರೂ. ಬೆಲೆಯ ಮನೆಗೆ 5 ಲಕ್ಷ ಮುಂಗಡ ನೀಡಿ, ಉಳಿದುದನ್ನು ತಿಂಗಳಿಗೆ 50 ಸಾವಿರದಂತೆ 30 ಕಂತುಗಳಲ್ಲಿ ತೀರಿಸುವ ಒಪ್ಪಂದವಾಗಿದೆ ಎನ್ನೋಣ. 22 ಕಂತು ಕಟ್ಟಿದ ಖರೀದಿದಾರರು 16 ಲಕ್ಷ ಕೊಟ್ಟಿರುತ್ತಾರೆ. ಮನೆಯಲ್ಲಿ ವಾಸವೂ ಇರಬಹುದು. ಆದರೂ ಅವರು ಮಾಲೀಕರಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಕ್ರಯದ ಕರಾರು ತಾನಾಗಿ ಯಾವ ಹಕ್ಕನ್ನೂ ಸೃಷ್ಟಿಸುವುದಿಲ್ಲ. ನೋಂದಾಯಿತ ಕ್ರಯಪತ್ರದಿಂದ ಮಾತ್ರ ಒಡೆತನ ಬರುತ್ತದೆ.

ಸ್ವಾಧೀನದಲ್ಲಿರುವವರಿಗೆ ಅದೇ ಕಾಯ್ದೆಯ 53ಎ ಕಲಂ ರಕ್ಷಣೆ ನೀಡುತ್ತದೆ. ಆದರೆ 2001ರ ತಿದ್ದುಪಡಿಯ ನಂತರ, ಕರಾರು ನೋಂದಣಿಯಾಗಿದ್ದರೆ ಮಾತ್ರ ಈ ರಕ್ಷಣೆ. ರಾಜ್ಯದಲ್ಲಿ ಸ್ವಾಧೀನ ಬಿಟ್ಟುಕೊಡುವ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತೆರಬೇಕು. ಕಡಿಮೆ ಬೆಲೆಯ ಛಾಪಾ ಕಾಗದದಲ್ಲಿ ಬರೆದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸಬೇಕಾದರೆ ಕೊರತೆಯ ಶುಲ್ಕದೊಂದಿಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಕಂತು ತಪ್ಪಿದರೆ?

ಸ್ಥಿರಾಸ್ತಿ ವ್ಯವಹಾರದಲ್ಲಿ ಗಡುವು ಅಷ್ಟೊಂದು ಮುಖ್ಯವಲ್ಲವೆಂಬ ನಂಬಿಕೆ ಜನರಲ್ಲಿದೆ. ಆದರೆ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಬೇರೆಯೇ ನಿಲುವು ತಳೆಯಿತು. ಬಾಕಿ ಹಣವನ್ನು ನಿಗದಿತ ದಿನಾಂಕಗಳಂದು ಮೂರು ಕಂತುಗಳಲ್ಲಿ ಕೊಡುವುದಾಗಿ ಒಪ್ಪಿದ್ದ ಖರೀದಿದಾರರು ಮೊದಲ ಕಂತಿನ ನಂತರ ಹಣ ಕಟ್ಟಿರಲಿಲ್ಲ. ಪಾವತಿಯ ಗಡುವು ಆ ಕರಾರಿನ ಜೀವಾಳವೆಂದು ನ್ಯಾಯಾಲಯ ಪರಿಗಣಿಸಿತು. ಖರೀದಿದಾರರಿಗೆ ಆಸ್ತಿ ದಕ್ಕಲಿಲ್ಲ.

ಮಾರಾಟಗಾರರು ಕ್ರಯಪತ್ರ ಮಾಡಿಕೊಡಲು ನಿರಾಕರಿಸಿದರೆ, ಕರಾರಿನಲ್ಲಿ ನಿಗದಿಯಾದ ದಿನಾಂಕದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ದಿನಾಂಕವೇ ಇಲ್ಲದಿದ್ದರೆ ನಿರಾಕರಣೆ ತಿಳಿದ ದಿನದಿಂದ ಈ ಅವಧಿ ಆರಂಭ. ಬಾಕಿ ಹಣ ಕೊಡಲು ತಾವು ಸದಾ ಸಿದ್ಧರಿದ್ದುದನ್ನು ಖರೀದಿದಾರರು ರುಜುವಾತುಪಡಿಸಬೇಕು.

ಕೊಟ್ಟ ಹಣದ ಗತಿ

ವ್ಯವಹಾರ ಮುರಿದಾಗ ಕಟ್ಟಿದ್ದೆಲ್ಲವೂ ಮಾರಾಟಗಾರರ ಪಾಲಾಗುವುದಿಲ್ಲ. ಖಾತರಿಗಾಗಿ ನೀಡಿದ ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಬೆಲೆಯ ಭಾಗವಾಗಿ ಕೊಟ್ಟ ಹಣವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಯಾವ ಮೊತ್ತ ಯಾವ ಬಾಬ್ತಿಗೆ ಎಂಬುದು ಕರಾರಿನಲ್ಲಿಯೇ ಇರಬೇಕು.

ಮಾರುವವರಿಗೂ ಎಚ್ಚರ ಅಗತ್ಯ. ಬಾಕಿ ಇರುವಾಗಲೇ ಕ್ರಯಪತ್ರ ನೋಂದಾಯಿಸಿಕೊಟ್ಟರೆ, ಹಣ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ರದ್ದುಪಡಿಸಲಾಗದು ಎಂಬುದು ಗುಜರಾತಿನ ಪ್ರಕರಣದಲ್ಲಿ 2020ರಲ್ಲಿ ಬಂದ ತೀರ್ಪು. ಬಾಕಿ ವಸೂಲಿಗೆ ದಾವೆ ಹೂಡುವುದೇ ಅವರಿಗುಳಿದ ದಾರಿ.

ನಗದು ಬೇಡ

2015ರ ಜೂನ್ 1ರಿಂದ ಆಸ್ತಿ ವ್ಯವಹಾರದಲ್ಲಿ 20 ಸಾವಿರ ರೂ. ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. 75 ಲಕ್ಷ ರೂ. ನಗದು ಕೊಟ್ಟಿದ್ದಾಗಿ ಹೇಳಲಾದ ಬೆಂಗಳೂರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ನಗದು ಪಾವತಿಯ ದಾವೆಗಳನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುವಂತೆ ನ್ಯಾಯಾಲಯಗಳಿಗೆ ಸೂಚಿಸಿದೆ.

ಸಹಿಗೆ ಮುನ್ನ ಗಮನಿಸಿ

* ಋಣಭಾರ ಪ್ರಮಾಣಪತ್ರ, ನಗರಸಭೆಯ ಖಾತೆ ಹಾಗೂ ಮೂಲ ಪತ್ರಗಳನ್ನು ಪರಿಶೀಲಿಸಿ. ಮೂಲ ಪತ್ರಗಳು ಬ್ಯಾಂಕಿನಲ್ಲಿ ಅಡವಿದ್ದರೆ ಆ ಸಾಲ ತೀರಿಸುವವರು ಯಾರೆಂದು ಬರೆಸಿ.
* ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಅದು ಋಣಭಾರ ಪತ್ರದಲ್ಲಿ ಕಾಣುವುದರಿಂದ ಅದೇ ಮನೆಯನ್ನು ಮತ್ತೊಬ್ಬರಿಗೆ ಮಾರುವುದು ಕಷ್ಟ.
* ಕಂತಿನ ದಿನಾಂಕ, ಬಡ್ಡಿ, ವಿಳಂಬಕ್ಕೆ ನೀಡುವ ಕಾಲಾವಕಾಶ ಹಾಗೂ ಕ್ರಯಪತ್ರದ ಗಡುವನ್ನು ನಮೂದಿಸಿ.
* ಪ್ರತಿ ಕಂತನ್ನೂ ಬ್ಯಾಂಕ್ ಮೂಲಕವೇ ಪಾವತಿಸಿ ರಸೀದಿ ಪಡೆಯಿರಿ. ಹೆಚ್ಚುವರಿ ಕಾಲಾವಕಾಶ ಕೊಟ್ಟರೆ ಅದೂ ಬರಹದಲ್ಲಿರಲಿ.

ಕರಡನ್ನು ಸಹಿಗೆ ಮೊದಲೇ ವಕೀಲರಿಗೆ ತೋರಿಸುವ ಖರ್ಚು, ಒಂದು ಕಂತಿನ ಮುಂದೆ ದೊಡ್ಡದೇನಲ್ಲ.