ಕತ್ತರಿಸಿದ ಕೊನೆಯ ಸೆಕೆಂಡುಗಳು

ಬೀದಿಯಲ್ಲಿ ಮಕ್ಕಳು ಆಡ್ತಿದ್ದಾರೆ. ಬೈಕಲ್ಲಿ ಇಬ್ಬರು ಬರ್ತಾರೆ. ಒಂದು ಮಗುವನ್ನ ಎತ್ಕೊಂಡು ಹೊರಟೇಬಿಡ್ತಾರೆ. ವಿಡಿಯೊ ಅಲ್ಲಿಗೇ ಮುಗಿಯುತ್ತೆ.

2018ರಲ್ಲಿ ಇದು ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೆಲ್ಲ ಓಡಾಡಿತ್ತು, 'ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು' ಅನ್ನೋ ಒಕ್ಕಣೆ ಜೊತೆ.

ಅಸಲಿಗೆ ಅದು ಪಾಕಿಸ್ತಾನದ ಕರಾಚಿಯದು. ಮಕ್ಕಳ ಸುರಕ್ಷತೆ ಬಗ್ಗೆ ಮಾಡಿದ್ದ ಜಾಗೃತಿ ಚಿತ್ರ. ಪೂರ್ತಿ ನೋಡಿದ್ರೆ ಬೈಕು ವಾಪಸ್ ಬರುತ್ತೆ, ಮಗುವನ್ನ ಇಳಿಸ್ತಾರೆ, ಎಚ್ಚರಿಕೆಯ ಫಲಕ ತೋರಿಸ್ತಾರೆ. ಅಷ್ಟಕ್ಕೆ ಯಾರೋ ಕತ್ತರಿ ಹಾಕಿದ್ರು. ಎಐ ಇಲ್ಲ, ಡೀಪ್‌ಫೇಕ್ ಇಲ್ಲ. ಬರೀ ಕತ್ತರಿ!

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಯುವಕನನ್ನ ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದ್ರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಒಬ್ಬ ಎಂಜಿನಿಯರ್ ಕೂಡ ಹೀಗೇ ಬಲಿಯಾದ್ರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ರು, ಅಷ್ಟೇ.

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ 'ಫಾರ್ವರ್ಡೆಡ್' ಅನ್ನೋ ಗುರುತು ತಂತು. ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗಷ್ಟೇ ಕಳಿಸಬಹುದು ಅಂತು. ಒಳ್ಳೇದೇ. ಆದ್ರೆ ಆ ಗುರುತು ಸುದ್ದಿ ಸುತ್ತಿ ಬಂದಿದೆ ಅನ್ನುತ್ತೆ, ನಿಜಾನಾ ಅಂತ ಹೇಳಲ್ಲ.

ಸರಿ, ನಿಮಗೂ ಇಂಥದ್ದು ಬಂದ್ರೆ? ವಿಡಿಯೊ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೀರಿ, ಗೂಗಲ್ ಲೆನ್ಸ್‌ಗೆ ಹಾಕಿ. ಮುಖ ಬಿಡಿ, ಹಿಂದಿನ ಅಂಗಡಿ ನೋಡಿ. ಬೋರ್ಡ್ ಯಾವ ಲಿಪಿಯಲ್ಲಿದೆ? ನಂಬರ್ ಪ್ಲೇಟ್ ಎಲ್ಲಿಯದು?